ಊರು ಬಿಟ್ಟು ಹೋದ ‘ಕೂಲಿ’

ನಾನು ಬ್ಯಾಂಕಿಗೆ ಸೇರಿದ್ದು 1982ರಲ್ಲಿ. ಆಗ ಎಲ್ಲವೂ ಕೈಬರಹ. ದಪ್ಪ ದಪ್ಪ ಲೆಜರು, ದಿನದ ಕೊನೆಗೆ ದಾರ ಹಾಕಿ ಕಟ್ಟಿಡುವ ವೌಚರುಗಳು. ಮುಂಬಯಿಯ ಮಸ್ಜಿದ್ ಬಂದರಿನ ನಮ್ಮ ಶಾಖೆಯ ಖರ್ಚಿನ ಪುಸ್ತಕದಲ್ಲಿ ಬಾಡಿಗೆ, ವಿದ್ಯುತ್, ಅಂಚೆ ಇವುಗಳ ಜೊತೆಗೆ ‘ಕೂಲಿ ಅಂಡ್ ಕಾರ್ಟೇಜ್’ ಅಂತ ಒಂದು ಬಾಬತ್ತು ಇರುತ್ತಿತ್ತು. ಸ್ಟೇಷನರಿ ಗಂಟು ಹೊತ್ತು ತಂದವನಿಗೆ, ಕಬ್ಬಿಣದ ಕಪಾಟು ಮಹಡಿಗೆ ಏರಿಸಿದವರಿಗೆ, ಹಳೇ ಲೆಜರುಗಳನ್ನು ಕೈಗಾಡಿಯಲ್ಲಿ ಸಾಗಿಸಿದವನಿಗೆ ಕೊಟ್ಟ ದುಡ್ಡು ಆ ಬಾಬತ್ತಿಗೆ ಬೀಳಬೇಕು. ಅಲ್ಲಿ ಕೂಲಿ ಎಂದರೆ ಹಣ. ಆದರೆ ಅದೇ ಶಾಖೆಯಲ್ಲಿ ಯಾರಾದರೂ ‘ಒಬ್ಬ ಕೂಲಿಯನ್ನು ಕರೀರಿ’ ಅಂದರೆ ಅದು ಮನುಷ್ಯ. ಒಂದೇ ಛಾವಣಿಯ ಕೆಳಗೆ ಒಂದೇ ಮಾತಿಗೆ ಎರಡು ಅರ್ಥ. ಲೆಕ್ಕದವನಿಗೆ ಇಂಥ ವ್ಯತ್ಯಾಸ ಕಣ್ಣಿಗೆ ಬಿದ್ದರೆ ತಾಳೆ ನೋಡದೆ ಸಮಾಧಾನ ಇರುವುದಿಲ್ಲ. ಮುಂಬಯಿ, ಹೈದರಾಬಾದ್, ಚೆನ್ನೈ ಅಂತ ವರ್ಗವಾಗಿ ತಿರುಗುತ್ತಾ, ಸಿಕ್ಕ ಪುಸ್ತಕ ಓದುತ್ತಾ, ಈ ಮಾತಿನ ಜಮಾ-ಖರ್ಚನ್ನು ನನ್ನ ಮಟ್ಟಿಗೆ ಹೊಂದಿಸಿಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ಕನ್ನಡದಲ್ಲಿ ಕೂಲಿ ಎಂದರೆ ಮಾಡಿದ ಕೆಲಸಕ್ಕೆ ಸಿಗುವ ಪ್ರತಿಫಲ. ‘ಇವತ್ತಿನ ಕೂಲಿ ಎಷ್ಟು?’ ‘ಕೂಲಿ ಕೊಟ್ಟು ಕಳಿಸು’, ‘ಕೂಲಿ ಹೆಚ್ಚಿಸಿದರು’ ಇವೆಲ್ಲ ದುಡ್ಡಿನ ಮಾತು. ‘ಕೂಲಿಗೆ ಹೋದ’ ಎಂದರೆ ದುಡ್ಡು ಸಿಗುವ ಕೆಲಸಕ್ಕೆ ಹೋದ ಅಂತ ಅರ್ಥ. ಬರಗಾಲದಲ್ಲಿ ಸರಕಾರ ನಡೆಸುತ್ತಿದ್ದ ಯೋಜನೆಗೆ ‘ಕೂಲಿಗಾಗಿ ಕಾಳು’ ಎಂಬ ಹೆಸರಿತ್ತು. ಅಲ್ಲಿಯೂ ಅದು ಪ್ರತಿಫಲವೇ. ಕೆಲಸ ಮಾಡುವ ಮನುಷ್ಯನನ್ನು ಹೇಳಬೇಕಾದರೆ ಇನ್ನೊಂದು ತುಂಡು ಸೇರಿಸಬೇಕು. ಕೂಲಿಯವನು, ಕೂಲಿಕಾರ, ಕೂಲಿಯಾಳು. ಆಳು ಬೇರೆ, ಅವನ ಕೂಲಿ ಬೇರೆ. ಈ ಸಣ್ಣ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ.

ಹಳ್ಳಿಯ ಕಡೆ ದುಡಿಮೆಗೆ ಹಲವು ಹೆಸರು. ಬಡಿಗ, ಕಂಬಾರ, ಕುಂಬಾರರಿಗೆ ಸುಗ್ಗಿಯಲ್ಲಿ ಕಣದಿಂದ ಕೊಡುತ್ತಿದ್ದದ್ದು ಆಯ. ಒಡೆಯನಿಗೋ ಸರಕಾರಕ್ಕೋ ಪುಕ್ಕಟೆ ಮಾಡಲೇಬೇಕಾದ ಕೆಲಸ ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯೇ ನಮ್ಮಲ್ಲಿ ಬಿಟ್ಟಿಯಾಯಿತು. ಸಾಲ ತೀರುವ ತನಕ ಒಂದೇ ಮನೆಗೆ ಕಟ್ಟುಬಿದ್ದು ದುಡಿಯುವುದು ಜೀತ. ಇವುಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಕೂಲಿಯ ಬೆಲೆ ಗೊತ್ತಾಗುತ್ತದೆ. ಹಣವೋ ಜೋಳವೋ, ಈ ಹೊತ್ತು ದುಡಿದದ್ದಕ್ಕೆ ಈ ಹೊತ್ತೇ ಕೈಗೆ ಬರುವುದು ಕೂಲಿ. ಮರುದಿನ ಬೇರೆ ಹೊಲಕ್ಕೆ ಹೋಗಬಹುದು. ಕೂಲಿಯವನು ಬಡವನಿರಬಹುದು, ಆದರೆ ಬಿಟ್ಟಿಯವನಲ್ಲ, ಜೀತದವನೂ ಅಲ್ಲ. ನಮ್ಮಪ್ಪ ಬಾಗಲಕೋಟೆಯಲ್ಲಿ ಅಡತಿ ಅಂಗಡಿಯ ಗುಮಾಸ್ತರಾಗಿದ್ದರು. ಲೆಕ್ಕದ ಪಟ್ಟಿ ಬರೆಯುವಾಗ ಹಮಾಲರ ದುಡ್ಡನ್ನು ಮೊದಲು ತೆಗೆದಿಟ್ಟು, ‘ಬೆವರಿನ ರೊಕ್ಕ ಸಂಜೀ ದಾಟಬಾರದು’ ಅನ್ನುತ್ತಿದ್ದರು.

ಜೀತದ ವಿಷಯ ಬಂದದ್ದರಿಂದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮುಂಬಯಿಯಿಂದ ನನಗೆ ಹೈದರಾಬಾದಿಗೆ ವರ್ಗವಾದಾಗ, ಅಲ್ಲಿಯ ಸಹೋದ್ಯೋಗಿಗಳು ತಿಂಗಳ ಕೊನೆಗೆ ‘ಜೀತಂ ಬಂತಾ?’ ಅಂತ ಒಬ್ಬರನ್ನೊಬ್ಬರು ಕೇಳುವುದನ್ನು ಕೇಳಿ ಬೆಚ್ಚಿದ್ದೆ. ತೆಲುಗಿನಲ್ಲಿ ಜೀತಂ ಎಂದರೆ ಸಂಬಳ! ಹಳಗನ್ನಡದಲ್ಲಿಯೂ ಜೀತ ಎಂದರೆ ಸಂಬಳವೇ ಆಗಿತ್ತು. ಸಂಸ್ಕೃತದ ‘ಜೀವಿತ’ದಿಂದ ಬಂದ ಮಾತು. ಬದುಕಿಗೆ ಆಧಾರವಾದದ್ದು ಅಂತ ಅರ್ಥ. ತೆಲುಗರಲ್ಲಿ ಅದು ಮರ್ಯಾದೆಯಿಂದ ಉಳಿಯಿತು, ನಮ್ಮಲ್ಲಿ ಸಂಕೋಲೆಯ ಹೆಸರಾಯಿತು. ದುಡಿಯುವವನ ಪ್ರತಿಫಲದ ಹೆಸರು ಕೆಟ್ಟುಹೋಗಲು ದೇಶಾಂತರವೇ ಆಗಬೇಕೆಂದಿಲ್ಲ ಅನ್ನುವುದಕ್ಕೆ ಇದು ಸಾಕ್ಷಿ. ಆದರೆ ಕೂಲಿಯ ಹೆಸರು ಕೆಟ್ಟದ್ದು ಮಾತ್ರ ದೇಶಾಂತರದಲ್ಲೇ.

ಅದು ಇಂಗ್ಲಿಷಿಗೆ ಹೋದ ದಾರಿಯ ಬಗ್ಗೆ ಪಂಡಿತರಲ್ಲಿ ಎರಡು ಮತಗಳಿವೆ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಬ್ರಿಟಿಷರ ‘ಹಾಬ್ಸನ್-ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಕೋಶ ಪ್ರಕಟವಾಯಿತು. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ದೇಶೀ ಮಾತುಗಳ ಕೋಶ ಅದು. ಅದರಲ್ಲಿ ಎರಡೂ ದಾರಿಗಳ ಚರ್ಚೆ ಇದೆ. ಒಂದು, ಗುಜರಾತದ ಕೋಳಿ ಎಂಬ ಜನಾಂಗದ ಹೆಸರಿನಿಂದ ಬಂತು ಅನ್ನುವುದು. ಕರಾವಳಿಗೆ ಬಂದ ಪೋರ್ಚುಗೀಸರು ಆ ಹೆಸರನ್ನು ಎತ್ತಿಕೊಂಡು ಹೊರೆಯಾಳುಗಳಿಗೆಲ್ಲ ಹಚ್ಚಿದರು ಎಂಬ ವಾದ. ಎರಡು, ದಕ್ಷಿಣದ ಕೂಲಿಯಿಂದ ಬಂತು ಅನ್ನುವುದು. ಎರಡೂ ಸೇರಿ ಒಂದಾಗಿರಬಹುದು ಅನ್ನುವವರೂ ಇದ್ದಾರೆ. ಮುಂಬಯಿಯಲ್ಲಿದ್ದವನಿಗೆ ಕೋಳಿಗಳು ಹೊಸಬರಲ್ಲ. ಈ ದ್ವೀಪಗಳ ಮೂಲ ನಿವಾಸಿಗಳಾದ ಮೀನುಗಾರರು ಅವರು. ವರ್ಲಿ ಕೋಳಿವಾಡಾ, ಸಾಯನ್ ಕೋಳಿವಾಡಾ ಹೆಸರುಗಳು ಅವರ ನೆಲೆಯನ್ನು ಇನ್ನೂ ಹೇಳುತ್ತವೆ. ಸಮುದ್ರವನ್ನೇ ಹೊಲ ಮಾಡಿಕೊಂಡ ಸ್ವಾಭಿಮಾನದ ಜನ.

ಚೆನ್ನೈಗೆ ಹೋದಾಗ ಎರಡನೆಯ ದಾರಿ ಕಣ್ಣಿಗೆ ಬಿತ್ತು. ತಮಿಳಿನಲ್ಲೂ ಕೂಲಿ ಎಂದರೆ ನಮ್ಮ ಹಾಗೆಯೇ ಮಜೂರಿ. ತೆಲುಗು, ಮಲಯಾಳಗಳಲ್ಲೂ ಈ ಮಾತು ಇದೆ. ಇಂಗ್ಲಿಷ್ ಕಂಪನಿಯವರು 1639-40ರಲ್ಲಿ ಕೋಟೆ ಕಟ್ಟಿ ಕೂತದ್ದು ಇದೇ ಊರಿನಲ್ಲಿ. ಹಡಗಿನಿಂದ ಬಟ್ಟೆಯ ಗಂಟು ಇಳಿಸುವ, ಏರಿಸುವ ಜನರಿಗೆ ದಿನವೂ ಕೂಲಿ ಎಣಿಸಿ ಕೊಡುವ ಊರು. ಮೂಲ ಯಾವುದಾದರೂ ಇರಲಿ, ಇಂಗ್ಲಿಷಿನಲ್ಲಿ ಆ ಮಾತು ನಿಂತದ್ದು ಮಾತ್ರ ಮನುಷ್ಯನ ಹೆಸರಾಗಿ. ನಮ್ಮ ಭಾಷೆಗಳಲ್ಲಿ ಅವನ ಕೈಗೆ ಬರುತ್ತಿದ್ದದ್ದು ಅವರ ಭಾಷೆಯಲ್ಲಿ ಅವನ ಹಣೆಗೆ ಅಂಟಿತು. ಕೂಲಿ ಪಡೆಯುವವನು ಅನ್ನುವುದರಲ್ಲಿ ‘ಪಡೆಯುವವನು’ ಬಿದ್ದುಹೋಯಿತು.

ಹೀಗೆ ಮಾತು ಮೊಟಕಾದದ್ದು ಬರೀ ವ್ಯಾಕರಣದ ಸಂಗತಿಯಲ್ಲ. 1834ರ ಆಗಸ್ಟ್ 1ರಿಂದ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಜಾರಿಗೆ ಬಂತು. ಕಬ್ಬಿನ ತೋಟದವರಿಗೆ ಆಳು ಬೇಕಲ್ಲ? ಅದೇ ವರ್ಷದ ನವೆಂಬರಿನಲ್ಲಿ ‘ಅಟ್ಲಾಸ್’ ಎಂಬ ಹಡಗು 36 ಜನ ಭಾರತೀಯರನ್ನು ಕರಾರಿನ ಮೇಲೆ ಮಾರಿಷಸ್ಸಿಗೆ ಮುಟ್ಟಿಸಿತು. 1838ರಲ್ಲಿ ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಹಡಗುಗಳು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾಕ್ಕೆ ಹೋದವು. 1860ರ ನವೆಂಬರಿನಲ್ಲಿ ಮದ್ರಾಸಿನಿಂದಲೇ ಹೊರಟ ‘ಟ್ರೂರೋ’ ಎಂಬ ಹಡಗು ನಟಾಲಿನ ಡರ್ಬನ್ ತಲುಪಿತು. 1879ರಲ್ಲಿ ಫಿಜಿಗೆ ಮೊದಲ ಹಡಗು. ಒಟ್ಟಾರೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೀಗೆ ಕರಿನೀರು ದಾಟಿದರು. ಮಾರಿಷಸ್ಸೊಂದಕ್ಕೇ ಸುಮಾರು ನಾಲ್ಕೂವರೆ ಲಕ್ಷ. ಅವರು ಇಳಿಯುತ್ತಿದ್ದ ಪೋರ್ಟ್ ಲೂಯಿ ಬಂದರಿನ ಮೆಟ್ಟಿಲುಗಳಿಗೆ ‘ಕೂಲಿ ಘಾಟ್’ ಅಂತಲೇ ಹೆಸರಿತ್ತು. ಈಗ ಅದು ‘ಆಪ್ರವಾಸಿ ಘಾಟ್’. 2006ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿತು.

ಕರಾರು ಎಂದಮೇಲೆ ಲೆಕ್ಕದವನು ಅದರ ಷರತ್ತು ನೋಡದೆ ಬಿಡುವುದಿಲ್ಲ. ಫಿಜಿಯದನ್ನೇ ತೆಗೆದುಕೊಳ್ಳಿ. ಐದು ವರ್ಷದ ಕರಾರು. ಗಂಡಸಿಗೆ ದಿನಕ್ಕೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ನಿ. ಆಗ ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಅಂದರೆ ಹೆಂಗಸಿಗೆ ಮುಕ್ಕಾಲು ಕೂಲಿ. ಅದೂ ಗೊತ್ತುಮಾಡಿದ ಕೆಲಸ ಮುಗಿಸಿದರೆ ಮಾತ್ರ. ಮೇಲಿನವರು ಅಳತೆ ಮಾಡಿಕೊಟ್ಟ ಸಾಲು ಸಂಜೆಯೊಳಗೆ ಮುಗಿಯದಿದ್ದರೆ ಆ ದಿನದ ಕೂಲಿಗೆ ಕತ್ತರಿ. ಊರಿಗೆ ಪುಕ್ಕಟೆ ಮರಳುವ ಹಕ್ಕು ಹತ್ತು ವರ್ಷದ ಮೇಲೆ. ನಡುವೆ ಕೆಲಸ ಬಿಟ್ಟು ಹೋದರೆ ಅದು ಅಪರಾಧ, ದಂಡ ಇಲ್ಲವೇ ಜೈಲು. ‘ಅಗ್ರಿಮೆಂಟ್’ ಎಂಬ ಮಾತು ಆ ಜನರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯಾಗಳಾದರು. ನಮ್ಮ ಹುಬ್ಬಳ್ಳಿ-ಧಾರವಾಡದ ಗಿರಮಿಟ್ಟಿಗೂ ಇದಕ್ಕೂ ಸಂಬಂಧ ಹುಡುಕಬೇಡಿ, ಅದು ಮಂಡಕ್ಕಿಯದು! ಈಗ ಯೋಚಿಸಿ ನೋಡಿ. ಮರುದಿನ ಬೇರೆ ಹೊಲಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲ, ದುಡಿದದ್ದಕ್ಕೆ ಪೂರ್ತಿ ಕೈಗೆ ಬರುವ ಖಾತರಿ ಇಲ್ಲ. ನಮ್ಮ ಊರಿನ ಲೆಕ್ಕದಲ್ಲಿ ಇದು ಕೂಲಿಯೇ ಅಲ್ಲ, ಜೀತ. ಆದರೆ ಕಾಗದದ ಮೇಲೆ ಹೆಸರು ಮಾತ್ರ ಕೂಲಿ.

1893ರಲ್ಲಿ ಗಾಂಧೀಜಿ ನಟಾಲಿಗೆ ಹೋದಾಗ ಅಲ್ಲಿ ಭಾರತೀಯರೆಲ್ಲರೂ ಕೂಲಿಗಳೇ ಆಗಿದ್ದರು. ವ್ಯಾಪಾರಿಗಳು ‘ಕೂಲಿ ವ್ಯಾಪಾರಿ’, ಲಂಡನ್ನಿನಲ್ಲಿ ಓದಿ ಬಂದ ಗಾಂಧಿ ‘ಕೂಲಿ ಬ್ಯಾರಿಸ್ಟರ್’. ಮಾತಿನ ಮೂಲ ಅರ್ಥವೇ ಮರೆತುಹೋಗಿ ಅದು ಭಾರತೀಯರಿಗೆಲ್ಲ ಇಟ್ಟ ಹೆಸರಾಗಿತ್ತು ಅಂತ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಲ್ಲೇ ಇನ್ನೊಂದು ಸಂಗತಿ ಇದೆ. ಮುಸ್ಲಿಂ ವ್ಯಾಪಾರಿಗಳು ಈ ಹೆಸರಿಗೆ ಸಿಟ್ಟಾಗಿ, ತಾವು ಕೂಲಿಯಲ್ಲ, ಅರಬರು ಅನ್ನುತ್ತಿದ್ದರಂತೆ. ಪ್ರತಿಯೊಬ್ಬನೂ ತನ್ನನ್ನು ಆ ಹೆಸರಿನಿಂದ ಬಿಡಿಸಿಕೊಳ್ಳಲು ನೋಡಿದ. ಕಬ್ಬಿನ ಹೊಲದಲ್ಲಿದ್ದವನಿಗೆ ಮಾತ್ರ ಬಿಡಿಸಿಕೊಳ್ಳಲು ಬೇರೆ ಹೆಸರೇ ಇರಲಿಲ್ಲ.

ಗೋಪಾಲಕೃಷ್ಣ ಗೋಖಲೆಯವರು 1912ರಲ್ಲಿ ಈ ಕರಾರು ಪದ್ಧತಿಯನ್ನೇ ತೆಗೆಯಬೇಕೆಂದು ವೈಸ್‌ರಾಯರ ಶಾಸನ ಸಭೆಯಲ್ಲಿ ಗೊತ್ತುವಳಿ ತಂದು ಸೋತರು. 1916ರಲ್ಲಿ ಮದನಮೋಹನ ಮಾಳವೀಯರು ಮತ್ತೆ ತಂದರು. 1917ರಲ್ಲಿ ಹೊಸಬರನ್ನು ಕಳಿಸುವುದು ನಿಂತಿತು. 1920ರ ಜನವರಿ 1ಕ್ಕೆ ಫಿಜಿಯಲ್ಲಿ ಉಳಿದ ಕರಾರುಗಳೂ ರದ್ದಾದವು.

ಇದೆಲ್ಲ ಸಮುದ್ರದಾಚೆಯ ಕತೆ, ನಮಗೇನು ಅನ್ನಬೇಡಿ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳಿಗೆ ಕೆಳಗಿನ ಸೀಮೆಯಿಂದ ಘಟ್ಟ ಹತ್ತಿ ಜನ ಬರುತ್ತಿದ್ದರು. ಮೇಸ್ತ್ರಿ ಊರಿಗೆ ಹೋಗಿ ಮುಂಗಡ ಕೊಟ್ಟು ಕರೆತರುವುದು. 1859ರ 13ನೆಯ ಕಾಯ್ದೆ ಅಂತ ಒಂದಿತ್ತು. ಮುಂಗಡ ತೆಗೆದುಕೊಂಡು ಕೆಲಸ ಮಾಡದಿದ್ದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಕೆಲಸಕ್ಕೆ ಹಚ್ಚುವ ಇಲ್ಲವೇ ಜೈಲಿಗೆ ಕಳಿಸುವ ಕಾಯ್ದೆ. ಅದು ರದ್ದಾದದ್ದು 1925ರಲ್ಲಿ. ನಾನು ಮೂರೂವರೆ ದಶಕ ಸಾಲ ಕೊಡುವ, ವಸೂಲಿ ಮಾಡುವ ಇಲಾಖೆಯಲ್ಲಿ ಇದ್ದವನು. ಕೋಟಿ ಬಾಕಿ ಉಳಿಸಿಕೊಂಡವರಿಗೂ ನೋಟೀಸು, ದಾವೆ, ಜಪ್ತಿ ಅಂತ ವರ್ಷಗಟ್ಟಲೆ ಹೋಗುತ್ತದೆ. ಸಾಲ ತೀರಿಸಲಿಲ್ಲ ಎಂಬುದೊಂದೇ ಕಾರಣಕ್ಕೆ ಯಾರನ್ನೂ ಕಂಬಿಯ ಹಿಂದೆ ಹಾಕಿದ್ದನ್ನು ನಾನು ನೋಡಲಿಲ್ಲ. ಹತ್ತಿಪ್ಪತ್ತು ರೂಪಾಯಿ ಮುಂಗಡದ ಕೂಲಿಯಾಳಿಗೆ ಮಾತ್ರ ಆ ಕಾಲದಲ್ಲಿ ಜೈಲಿನ ಬಾಗಿಲು ತೆರೆದಿತ್ತು.

ಕಾಫಿ ಸೀಮೆಯಲ್ಲಿ ಸಾಲಾಗಿ ಕಟ್ಟಿದ ಆಳುಗಳ ಮನೆಗೆ ‘ಲೈನ್ ಮನೆ’ ಅನ್ನುತ್ತಾರಲ್ಲ, ಅದು ತೋಟದ ದೊರೆಗಳ ‘ಕೂಲಿ ಲೈನ್’ ಎಂಬ ಮಾತಿನ ಉಳಿಕೆ. 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆದ ಕೋಲಾರದ ಗಣಿಯಲ್ಲೂ ಕಾರ್ಮಿಕರ ವಸತಿಗೆ ಅದೇ ಹೆಸರು. ಗಣಿ 2001ರಲ್ಲಿ ಮುಚ್ಚಿತು, ಆದರೆ ಹೆಸರು ಜನರ ಬಾಯಲ್ಲಿ ಉಳಿಯಿತು. ಹೀಗೆ ನಮ್ಮ ಮಾತು ಹಡಗು ಹತ್ತಿ ಹೋಗಿ, ಹೊಸ ಅರ್ಥ ಹೊತ್ತು, ದೊರೆಗಳ ಜೊತೆ ನಮ್ಮ ಮನೆಗೇ ಮರಳಿ ಬಂತು. ದೇಶಾಂತರ ಹೋದ ಮಗ ಗುರುತು ಸಿಗದಂತಾಗಿ ಬಂದ ಹಾಗೆ.

ಚೀನೀಯರಲ್ಲೂ ಈ ಮಾತು ಇದೆ. ಅವರು ಅದನ್ನು ‘ಖೂ-ಲಿ’ ಅಂತ ಎರಡು ಅಕ್ಷರದಲ್ಲಿ ಬರೆಯುತ್ತಾರೆ. ಮೊದಲನೆಯದಕ್ಕೆ ಕಹಿ ಎಂದೂ ಎರಡನೆಯದಕ್ಕೆ ಶಕ್ತಿ ಎಂದೂ ಅರ್ಥ. ಹೊರಗಿನ ಮಾತಿನ ಸದ್ದಿಗೆ ಎಷ್ಟು ನಿಜವಾದ ಅರ್ಥ ಹೊಂದಿಸಿದ್ದಾರೆ ನೋಡಿ. ದಕ್ಷಿಣ ಆಫ್ರಿಕದಲ್ಲಿ ಈಗಲೂ ಇದು ಬೈಗುಳ. ಮಾರಿಷಸ್ಸಿನ ಕವಿ ಖಲ್ ತೊರಾಬುಲ್ಲಿ ಮಾತ್ರ 1992ರಲ್ಲಿ ಇದೇ ಮಾತಿನಿಂದ ‘ಕೂಲಿಟ್ಯೂಡ್’ ಎಂಬ ಹೊಸ ಮಾತು ಕಟ್ಟಿ, ಅಜ್ಜಂದಿರಿಗೆ ಅವಮಾನವಾಗಿದ್ದದ್ದನ್ನು ಮೊಮ್ಮಕ್ಕಳ ಗುರುತಾಗಿ ಎತ್ತಿ ಹಿಡಿದರು.

ನಮ್ಮ ದೇಶದಲ್ಲಿ ಈ ಮಾತು ಹೆಚ್ಚು ಕೇಳುವುದು ರೈಲ್ವೆ ಸ್ಟೇಷನ್ನಿನಲ್ಲಿ. ಕೆಂಪಂಗಿ, ತೋಳಿಗೆ ಹಿತ್ತಾಳೆಯ ಬಿಲ್ಲೆ. ಬಿಲ್ಲೆ ಕೊಡುವುದು ರೈಲ್ವೆ, ದರ ಗೊತ್ತುಮಾಡುವುದು ರೈಲ್ವೆ, ಆದರೆ ದುಡ್ಡು ಕೊಡುವುದು ಪ್ರಯಾಣಿಕ. ರೈಲ್ವೆಯಿಂದ ಅವನಿಗೆ ಸಂಬಳ ಇಲ್ಲ. ಕೂಲಿ ಎಂಬ ಹೆಸರು ಹೊತ್ತವನಿಗೆ ಇಲಾಖೆಯ ಕೂಲಿ ಇಲ್ಲ! 2008ರ ಬಜೆಟ್ಟಿನಲ್ಲಿ ಲಾಲೂ ಪ್ರಸಾದರು ಇವರನ್ನು ಗ್ಯಾಂಗ್‌ಮನ್ ಕೆಲಸಕ್ಕೆ ತೆಗೆದುಕೊಳ್ಳುವ ಮಾತು ಹೇಳಿದರು, ಅನೇಕರು ಹಾಗೆ ಸಂಬಳದ ನೌಕರರೂ ಆದರು. 2016ರ ಬಜೆಟ್ಟಿನಲ್ಲಿ ಸುರೇಶ್ ಪ್ರಭು ಅವರು ಕೂಲಿ ಎಂಬ ಹೆಸರು ತೆಗೆದು ‘ಸಹಾಯಕ್’ ಎಂದು ಕರೆಯಬೇಕೆಂದರು. ಒಬ್ಬ ಮಂತ್ರಿ ಕೆಲಸ ಬದಲಿಸಿದರು, ಇನ್ನೊಬ್ಬರು ಹೆಸರು ಬದಲಿಸಿದರು. ಯಾವುದರಿಂದ ಮನೆ ನಡೆಯಿತು ಅಂತ ಬಿಲ್ಲೆಯವರನ್ನೇ ಕೇಳಬೇಕು.

ಇದಕ್ಕೆ ಉತ್ತರದಂಥದ್ದನ್ನು ನಾನು ಮಸ್ಜಿದ್ ಬಂದರಿನಲ್ಲೇ ನೋಡಿದ್ದೆ. ಅಲ್ಲಿ ಮೂಟೆ ಹೊರುವವರಿಗೆ ‘ಮಾಥಾಡಿ’ ಅನ್ನುತ್ತಾರೆ. ಮಾಥಾ ಎಂದರೆ ತಲೆ. ತಲೆಹೊರೆಯವರು ಅಂತ ಅರ್ಥ, ಹೆಸರಿನಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಅಣ್ಣಾಸಾಹೇಬ ಪಾಟೀಲರ ನೇತೃತ್ವದಲ್ಲಿ ಇವರು ಸಂಘಟಿತರಾಗಿ ಹೋರಾಡಿದ್ದರಿಂದ 1969ರಲ್ಲಿ ಮಹಾರಾಷ್ಟ್ರ ಸರಕಾರ ಮಾಥಾಡಿ-ಹಮಾಲರ ಕಾಯ್ದೆ ತಂದಿತು. ವ್ಯಾಪಾರಿ ಕೂಲಿಯ ಹಣವನ್ನು, ಅದರ ಮೇಲೆ ಗೊತ್ತಾದ ಲೆವಿಯನ್ನು ಮಂಡಳಿಗೆ ಕಟ್ಟಬೇಕು. ಮಂಡಳಿಯ ಮೂಲಕ ಕೂಲಿ, ಭವಿಷ್ಯನಿಧಿ, ಗ್ರಾಚ್ಯುಯಿಟಿ. ಪಾಸ್‌ಬುಕ್ಕು ಹಿಡಿದು ಕೌಂಟರಿಗೆ ಬರುತ್ತಿದ್ದ ಮಾಥಾಡಿಗಳು ಯಾರಿಗೂ ತಲೆ ತಗ್ಗಿಸುತ್ತಿರಲಿಲ್ಲ. ಹೆಸರು ಹಳೆಯದೇ ಇತ್ತು, ಲೆಕ್ಕ ಸರಿಯಾಗಿತ್ತು, ಅಷ್ಟೇ.

2014ರಲ್ಲಿ ಜನಧನ ಖಾತೆ ತೆರೆಯುವ ಭರಾಟೆಯಲ್ಲಿ ನಾನು ಉಪನಗರದ ಶಾಖೆಯಲ್ಲಿದ್ದೆ. ವಿಜಯಪುರ ಕಡೆಯ ಒಬ್ಬ ಹಿರಿಯರು ಮಗಳ ಜೊತೆ ಬಂದರು. ಕಟ್ಟಡ ಕೆಲಸ. ದಿನಾ ಮುಂಜಾನೆ ನಾಕಾದಲ್ಲಿ ನಿಂತು ಕೆಲಸ ಹಿಡಿಯುವವರು. ಮುಂಬಯಿ, ಪುಣೆಗಳ ನಾಕಾಗಳಲ್ಲಿ ನಮ್ಮ ಕಲಬುರ್ಗಿ, ವಿಜಯಪುರ, ಯಾದಗಿರಿಯವರು ಎಷ್ಟೋ ಮಂದಿ ಸಿಗುತ್ತಾರೆ. ಗುಮಾಸ್ತ ಉದ್ಯೋಗ ಕೇಳಿದ, ಅವರು ‘ಕೂಲಿ’ ಅಂದರು. ಮಗಳು ತಟ್ಟನೆ ತಡೆದಳು.

“ಯಪ್ಪಾ, ಹಂಗ ಬರಸಬ್ಯಾಡ. ಲೇಬರ್ ಅಂತ ಬರಸು.”

“ಯಾಕವಾ? ಕೂಲಿ ಅಂದ್ರ ಕಳುವು ಮಾಡಿದಂಗೇನು? ದುಡದು ತಗೊಂಡದ್ದು. ಯಾರ ಬಿಟ್ಟೀನೂ ಅಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀವ ಹೇಳ್ರಿ ಸಾಹೇಬ್ರ” ಅಂದರು.

“ಇಬ್ರೂ ಖರೇನ ಹೇಳಾಕತ್ತೀರಿ, ಯಜಮಾನ್ರ” ಅಂದೆ. ಬೇರೇನು ಹೇಳಲಿ? ಅಪ್ಪ ಆಡಿದ್ದು ಊರಿನ ಮಾತು, ಅದರಲ್ಲಿ ಅವರಿಗೆ ಕೇಳಿಸಿದ್ದು ಹಣದ ಸದ್ದು. ಮುಂಬಯಿಯಲ್ಲಿ ಓದುತ್ತಿದ್ದ ಮಗಳಿಗೆ ಕೇಳಿಸಿದ್ದು ಮನುಷ್ಯನನ್ನು ಕೂಗಿ ಕರೆಯುವ ಸದ್ದು. ಫಾರ್ಮಿನಲ್ಲಿ ಕೊನೆಗೆ ಮಗಳ ಮಾತೇ ನಡೆಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಇಂಥವರಿಗೆ ‘ವಲಸೆ ಕಾರ್ಮಿಕರು’ ಎಂಬ ಗಂಭೀರವಾದ ಹೆಸರು ಪತ್ರಿಕೆಗಳಲ್ಲಿ ಬಂತು. ನಾಕಾಗಳು ಬರಿದಾದವು. ದಿನಗೂಲಿ ನಿಂತ ಮೇಲೆ ನಗರದಲ್ಲಿ ಇರಲು ಯಾವ ಹೆಸರೂ ಆಧಾರವಾಗಲಿಲ್ಲ. ಗಂಟು ಹೊತ್ತು ಊರ ದಾರಿ ಹಿಡಿದರು. ಮಹಾರಾಷ್ಟ್ರದಿಂದ ಬಂದವರು ಅಂತ ಊರಿನ ಹೊರಗೆ ಶಾಲೆಗಳಲ್ಲಿ ಅವರನ್ನು ಇಳಿಸಿದ್ದು ನಿಮಗೆಲ್ಲ ನೆನಪಿದೆ. ಆ ಮನೆಗೆಲಸ, ಗಾರೆ ಕೆಲಸದವರ ದುಡ್ಡಿನಿಂದಲೇ ಆ ಊರುಗಳಲ್ಲಿ ಎಷ್ಟೋ ಗೋಡೆ ಎದ್ದಿದ್ದವು, ಎಷ್ಟೋ ಮದುವೆ ನಡೆದಿದ್ದವು.

ಹೊರನಾಡ ಕನ್ನಡಿಗರು ಅಂದ ಕೂಡಲೇ ತವರಿನ ನಿಮಗೆ ನೆನಪಾಗುವುದು ಹೋಟೆಲಿನವರು, ಬ್ಯಾಂಕಿನವರು, ಸಂಘದ ಸಭಾಂಗಣ, ನವೆಂಬರಿನ ರಾಜ್ಯೋತ್ಸವ. ನಮ್ಮದು ಪಗಾರ. ಆ ಮಾತೂ ಪೋರ್ಚುಗೀಸರಿಂದ ಬಂದದ್ದೇ. ನಾಕಾದ ಮೇಲೆ ನಿಂತವರದು ಕೂಲಿ, ಅಪ್ಪಟ ನಮ್ಮ ಮಾತು. ಈ ಊರಿನಲ್ಲಿ ದಿನಾ ಬೆಳಗ್ಗೆ ಆರೂವರೆಗೆ ‘ಇವತ್ತ ಕೂಲಿ ಎಷ್ಟ ಕೊಡ್ತೀರಿ?’ ಅಂತ ಕನ್ನಡದಲ್ಲಿ ಮಾತಾಡಿಕೊಳ್ಳುವವರು ಅವರು. ಹೊರನಾಡಿನಲ್ಲಿ ಕನ್ನಡ ಉಳಿಸಿದವರ ಪಟ್ಟಿ ಮಾಡುವಾಗ ಅವರ ಹೆಸರೂ ಇರಬೇಕು.

ಮಾತನ್ನು ಪುಸ್ತಕದಿಂದ ಅಳಿಸಿದರೆ ಸಾಲದು. ಮನುಷ್ಯನಿಗೆ ಅವನ ಹೆಸರು ಹಿಡಿದು ಕರೆಯಬೇಕು, ಹಿರಿಯರಾದರೆ ಅಣ್ಣಾ, ಯಜಮಾನರೇ ಅನ್ನಬೇಕು. ಕೂಲಿ ಎಂಬ ಮಾತನ್ನು ಅವನ ತಲೆಯ ಮೇಲಿಂದ ಇಳಿಸಿ, ಅದು ಮೊದಲಿದ್ದ ಜಾಗಕ್ಕೆ, ಅವನ ಅಂಗೈಗೆ ಮುಟ್ಟಿಸಬೇಕು. ಪೂರ್ತಿ ಮುಟ್ಟಿಸಬೇಕು, ಸಂಜೆಯೊಳಗೆ.